ಮಾವನ ವಹಿ ಮತ್ತು ನಮ್ಮ ಮನೆಯ ಕಂಪ್ಯೂಟರ್

ಲಗ್ನದ ಸೀಸನ್‌ನಲ್ಲಿ ನಮ್ಮ ಮನೆಯ ಕಂಪ್ಯೂಟರ್ ಮೂರು ವಾರ ತಾನೇ ರಿಸ್ಟಾರ್ಟ್ ಆಗಿ ಆಗಿ ನನ್ನನ್ನು ಅಳಿಸಿತು. ನಾನು ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಇಂಥ ಕೆಲಸ. ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುತ್ತದೆ. ಬಸವ ಜಯಂತಿಗೆ ಇನ್ನೂ ಒಂದು ತಿಂಗಳಿತ್ತು. ಆ ದಿನ ಅಕ್ಷಯ ತದಿಗೆಯೂ ಹೌದು, ಹಾಗಾಗಿ ಲಗ್ನ ಜಾಸ್ತಿ, ನನಗೆ ಕೆಲಸವೂ ಜಾಸ್ತಿ.

ಮೊದಲನೇ ಸಲ ಆದಾಗ ಬಸವನಬಾಗೇವಾಡಿ ಕಡೆಯವರ ಒಂದು ಪತ್ರಿಕೆ ಮಾಡುತ್ತಿದ್ದೆ. ಎರಡೂ ಕಡೆಯ ಬಂಧುಗಳ ಹೆಸರು ಸೇರಿ ನಲವತ್ತರ ಮೇಲಿತ್ತು. ಎಲ್ಲವನ್ನೂ ಟೈಪ್ ಮಾಡಿ ಮುಗಿಸುವ ಹೊತ್ತಿಗೆ ಪರದೆ ಕಪ್ಪಾಯಿತು, ಒಳಗಿನ ಫ್ಯಾನ್ ಒಮ್ಮೆ ನಿಂತು ಮತ್ತೆ ತಿರುಗಿತು, ಕಂಪನಿಯ ಲೋಗೋ ಬಂತು. ಸೇವ್ ಮಾಡಿರಲಿಲ್ಲ. ಕರೆಂಟ್ ಹೋಯಿತೇನೋ ಎಂದು ಮೇಲೆ ನೋಡಿದರೆ ಫ್ಯಾನ್ ತಿರುಗುತ್ತಿತ್ತು, ಲೈಟ್ ಉರಿಯುತ್ತಿತ್ತು. ಅವತ್ತು ಸಂಜೆಯೊಳಗೆ ಇನ್ನೂ ಮೂರು ಸಲ ಹಾಗೇ ಆಯಿತು.

ಎಲ್ಲರೂ ಹೇಳಿದ್ದು ಒಂದೇ ಮಾತು, ಬಿಸಿಲು. ನಮ್ಮೂರಿನ ಏಪ್ರಿಲ್ ನೋಡಿದವರು ಯಾರೂ ಬೇರೆ ಹೇಳುವುದಿಲ್ಲ, ಮಧ್ಯಾಹ್ನ 40 ಡಿಗ್ರಿ ದಾಟಿರುತ್ತದೆ, ಕಲ್ಲಿನ ಗೋಡೆ ರಾತ್ರಿಯೂ ಬಿಸಿ. ನಾನೂ ನಂಬಿದೆ. ಸಿಪಿಯು ಡಬ್ಬಿ ಬಿಚ್ಚಿದರೆ ಒಳಗೆ ಕೆಂಪು ಧೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್‌ನ ಸಂದಿಗಳಲ್ಲಿ ಹತ್ತಿಯ ಹಾಗೆ ಕಟ್ಟಿಕೊಂಡಿತ್ತು. ಪಕ್ಕದ ಮನೆಯ ಟೇಲರ್ ಅಕ್ಕನ ಹತ್ತಿರ ಬ್ಲೋವರ್ ಇಸಿದುಕೊಂಡು ಅಂಗಳದಲ್ಲಿ ಇಟ್ಟು ಊದಿದೆ. ಊದುವಾಗ ಒಂದು ಪೆನ್ಸಿಲ್ ಅಡ್ಡ ಇಟ್ಟು ಫ್ಯಾನ್ ತಿರುಗದಂತೆ ಹಿಡಿಯಬೇಕು, ಇಲ್ಲದಿದ್ದರೆ ಗಾಳಿಗೆ ಅದು ಸಿಕ್ಕಾಪಟ್ಟೆ ಜೋರಾಗಿ ತಿರುಗಿ ಕೆಡಬಹುದು. ಅದರ ಮತ್ತು ಪ್ರೊಸೆಸರಿನ ನಡುವೆ ಹಚ್ಚಿದ್ದ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿತ್ತು. ಅದನ್ನು ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ಹಚ್ಚಿದೆ. ಉಷ್ಣತೆ ತೋರಿಸುವ ಒಂದು ಉಚಿತ ಪ್ರೋಗ್ರಾಂ ಹಾಕಿ ನೋಡಿದರೆ ಕೆಲಸ ಮಾಡುವಾಗ 66, 68 ಡಿಗ್ರಿ ತೋರಿಸಿತು. ಈ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ಹೋದ ಮೇಲೆ ತಾವೇ ನಿಧಾನ ಆಗುತ್ತವೆ, ಅದನ್ನೂ ಮೀರಿದರೆ ಆರಿಹೋಗುತ್ತವೆ. 68 ಅಂದರೆ ಏನೇನೂ ಅಲ್ಲ. ಆದರೂ ಅವತ್ತು ರಾತ್ರಿ ಎರಡು ಸಲ ರಿಸ್ಟಾರ್ಟ್ ಆಯಿತು.

ಮರುದಿನ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ಚಾಲೂ ಮಾಡಿ ಹತ್ತು ನಿಮಿಷ ನೋಡಿದ. ಅಲ್ಲಿ ರಿಸ್ಟಾರ್ಟ್ ಆಗಲೇ ಇಲ್ಲ. "ವಿಂಡೋಸ್ ಕರಪ್ಟ್ ಆಗೇತ್ರಿ ಅಕ್ಕಾರ, ಫಾರ್ಮ್ಯಾಟ್ ಮಾಡಬೇಕು" ಅಂದ. 400 ರೂಪಾಯಿ. ಡಿ ಡ್ರೈವ್ ಮುಟ್ಟಬೇಡಪ್ಪಾ ಎಂದು ಎರಡು ಸಲ ಹೇಳಿದೆ, ಅವನು ಮುಟ್ಟಲಿಲ್ಲ. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದು ಸಿ ಡ್ರೈವ್‌ನಲ್ಲೇ ಇರುತ್ತದೆ ಅನ್ನುವುದು ಆ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ. ಅಲ್ಲಿ ನಮ್ಮ ಮಾವನ ಹದಿನಾಲ್ಕು ಪುಟ ಇದ್ದವು. ಮಾವ ನಿವೃತ್ತ ಶಿಕ್ಷಕರು. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಕಲಿಸಿದ ದಿನಗಳನ್ನು ಅವರು ಹೇಳುತ್ತ ಹೋಗುವುದು, ನಾನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವುದು, ಇದು ರಾತ್ರಿ ಊಟ ಆದ ಮೇಲಿನ ನಮ್ಮಿಬ್ಬರ ಕೆಲಸ. ಆ ಪುಟಗಳು ಹೋದವು. ಅವರಿಗೆ ಹೇಳುವಾಗ ನನ್ನ ದನಿ ನಡುಗಿತು. "ಇರಲಿ ಬಿಡವ್ವಾ, ನನಗ ನೆನಪೈತಿ, ಮತ್ತ ಹೇಳತೀನಿ" ಅಂದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಫಾರ್ಮ್ಯಾಟ್ ಮಾಡಿ ತಂದ ದಿನ ಸಂಜೆಯೇ ಮತ್ತೆ ರಿಸ್ಟಾರ್ಟ್ ಆಯಿತು.

ಇಲ್ಲಿಂದ ನಮ್ಮ ಮೈದುನನ ಪಾತ್ರ ಶುರು. ಅವನು ಬೆಂಗಳೂರಲ್ಲಿ ಇದೇ ಲೈನಿನಲ್ಲಿ ಇದ್ದಾನೆ. ಫೋನ್ ಮಾಡಿದ ಕೂಡಲೇ ಅವನು ಕೇಳಿದ್ದು, "ವೈನೀ, ನೀಲಿ ಪರದೆ ಬರತೈತೋ, ಇಲ್ಲಾ ಒಮ್ಮೆಲೆ ಕಪ್ಪಾಗತೈತೋ?" ಇಷ್ಟು ದಿನ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಒಮ್ಮೆಲೇ ಕಪ್ಪು ಅಂದೆ. ಖಾತ್ರಿ ಮಾಡಿಕೊಳ್ಳೋಣ ಎಂದು ಒಂದು ಸೆಟ್ಟಿಂಗ್ ತೆಗೆಸಿದ. ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿಂದ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ. ಅಲ್ಲಿ 'ಆಟೊಮ್ಯಾಟಿಕಲಿ ರಿಸ್ಟಾರ್ಟ್' ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ, ವಿಂಡೋಸ್ ತಾನೇ ಕುಸಿದು ಬಿದ್ದಿದ್ದರೆ ನೀಲಿ ಪರದೆ ಹಾಗೇ ನಿಲ್ಲುತ್ತದೆ, ತಪ್ಪಿನ ಕೋಡ್ ಓದಿಕೊಳ್ಳಬಹುದು. ತೆಗೆದೆ. ಮುಂದಿನ ಸಲವೂ ನೀಲಿ ಬರಲಿಲ್ಲ, ಕಪ್ಪೇ.

ಆಮೇಲೆ ಈವೆಂಟ್ ವ್ಯೂವರ್ ತೆಗೆಸಿದ, ಅದು ಕಂಪ್ಯೂಟರಿನಲ್ಲಿ ಆದದ್ದನ್ನು ವಿಂಡೋಸ್ ಬರೆದಿಡುವ ದಾಖಲೆ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕೆಂಪು ಗುರುತಿನ ಸಾಲುಗಳ ಸಾಲೇ ಇತ್ತು. ಎಲ್ಲ ಕಡೆ ಕರ್ನಲ್ ಪವರ್, ನಂಬರ್ 41. ಅದರ ಅರ್ಥ ಇಷ್ಟೇ, ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ಮತ್ತೆ ಚಾಲೂ ಆಗಿದೆ. ಈ 41 ನೋಡಿ ತುಂಬಾ ಜನ ಇದೇ ರೋಗದ ಹೆಸರು ಅಂದುಕೊಳ್ಳುತ್ತಾರೆ, ಹಾಗಲ್ಲ. ಅದು ಬಿದ್ದವನು ಎದ್ದ ಮೇಲೆ "ಬಿದ್ದಿದ್ದೆ" ಎಂದು ಬರೆದಿಟ್ಟ ಚೀಟಿ, ಯಾಕೆ ಬಿದ್ದ ಅನ್ನುವುದು ಅದರಲ್ಲಿಲ್ಲ. ಆದರೆ ಅದರ ಡೀಟೇಲ್ಸ್ ಒಳಗೆ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇರುತ್ತದೆ. ನೀಲಿ ಪರದೆ ಬಂದಿದ್ದರೆ ಸಾಮಾನ್ಯವಾಗಿ ಅಲ್ಲಿ ಏನಾದರೂ ಒಂದು ಸಂಖ್ಯೆ ಇರುತ್ತದೆ. ನಮ್ಮಲ್ಲಿ ಪ್ರತಿಯೊಂದರಲ್ಲೂ 0. ಅಂದರೆ ವಿಂಡೋಸ್‌ಗೆ ತಪ್ಪು ಬರೆದುಕೊಳ್ಳುವಷ್ಟು ಹೊತ್ತೂ ಸಿಕ್ಕಿಲ್ಲ.

ಇನ್ನೊಂದು ತೊಂದರೆ ಅಲ್ಲೇ ಕಂಡಿತು. ಕೆಲವು ಸಾಲುಗಳ ತಾರೀಖೇ ತಪ್ಪು, 2017ರ ಜನವರಿ ತೋರಿಸುತ್ತಿತ್ತು. ನಾನು ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗುತ್ತೇನೆ, ಮದರ್‌ಬೋರ್ಡ್ ಮೇಲಿನ ಗಡಿಯಾರ ನಡೆಸುವ ದುಂಡನೆಯ 3 ವೋಲ್ಟ್ ಸೆಲ್ ಸತ್ತುಹೋಗಿತ್ತು, ಬೆಳಿಗ್ಗೆ ನೆಟ್ ಬಂದು ಟೈಮ್ ಸರಿಯಾಗುವ ತನಕ ಗಡಿಯಾರ ಹಿಂದಕ್ಕೆ ಹೋಗಿರುತ್ತಿತ್ತು. 2032 ನಂಬರಿನ ಆ ಸೆಲ್ ಗಾಂಧಿ ಚೌಕ್‌ನಲ್ಲಿ 30 ರೂಪಾಯಿಗೆ ಸಿಕ್ಕಿತು. ರಿಸ್ಟಾರ್ಟ್‌ಗೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ಹಿಂದೆ ಆದದ್ದು ಯಾವ ಹೊತ್ತಿಗೆ ಎಂದು ಕಂಪ್ಯೂಟರನ್ನು ಕೇಳುವ ಹಾಗಿರಲಿಲ್ಲ.

ಅದನ್ನು ಮಾವ ಬರೆದಿಟ್ಟಿದ್ದರು. ಅವರು ಪಡಸಾಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ, ಕೋಣೆಯಿಂದ ನಾನು "ಅಯ್ಯೋ" ಅಂದಾಗಲೆಲ್ಲ ಗೋಡೆಯ ಗಡಿಯಾರ ನೋಡಿ ವಹಿಯಲ್ಲಿ ಒಂದು ಸಾಲು ಬರೆಯುತ್ತಿದ್ದರು. ಹಾಜರಿ ಪುಸ್ತಕ ಬರೆದ ಕೈ ಅದು. ನನಗೆ ಇದು ಗೊತ್ತೇ ಇರಲಿಲ್ಲ.

ವಹಿಯ ಮಾತು ಬರುವ ಮೊದಲು ಇನ್ನೊಂದು ಹೇಳಬೇಕು, ಯಾಕೆಂದರೆ ನಮ್ಮ ದಾರಿ ತಿರುಗಿದ್ದು ಅಲ್ಲಿ. ಮೈದುನ ಹೇಳಿದಂತೆ, ಚಾಲೂ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್ ಪರದೆಗೆ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆಗೆ ಹೋಗಿ ಸುಮ್ನೆ ಹಾಗೇ ಬಿಟ್ಟೆ. ಬಯೋಸ್‌ನಲ್ಲಿ ಇರುವಾಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ವೈರಸ್ ಇಲ್ಲ, ಡ್ರೈವರ್ ಇಲ್ಲ. ನಾನು ರೊಟ್ಟಿ ಬಡಿಯುತ್ತ ಆಗಾಗ ಬಂದು ನೋಡುತ್ತಿದ್ದೆ. ಮುಕ್ಕಾಲು ಗಂಟೆಯಾದ ಮೇಲೆ ನೋಡಿದರೆ ವಿಂಡೋಸ್‌ನ ಲಾಗಿನ್ ಪರದೆ ನಿಂತಿತ್ತು. ಬಯೋಸ್‌ನಲ್ಲಿ ಇದ್ದಾಗಲೇ ರಿಸ್ಟಾರ್ಟ್ ಆಗಿ ಅಲ್ಲಿಗೆ ಬಂದಿತ್ತು. ಆ ಫಾರ್ಮ್ಯಾಟ್ ಬೇಕೇ ಇರಲಿಲ್ಲ. ಹದಿನಾಲ್ಕು ಪುಟ ಬೇಡದ ಕೆಲಸಕ್ಕೆ ಹೋದವು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಕಂಪ್ಯೂಟರ್ ಹೀಗೆ ಮಾಡಿದರೆ ಯಾರೇ ಫಾರ್ಮ್ಯಾಟ್ ಅನ್ನಲಿ, ಮೊದಲು ಒಂದು ತಾಸು ಬಯೋಸ್‌ನಲ್ಲಿ ಬಿಟ್ಟು ನೋಡಿ. ಅದಕ್ಕೆ ದುಡ್ಡು ಬೇಕಿಲ್ಲ.

ಅದೇ ಬಯೋಸ್‌ನಲ್ಲಿ ಮತ್ತೊಂದು ವಿಷಯ ಸಿಕ್ಕಿತು. ಪವರ್ ಹೋಗಿ ಬಂದರೆ ತಾನೇ ಚಾಲೂ ಆಗಬೇಕು ಎಂದು ಒಂದು ಸೆಟ್ಟಿಂಗ್ ಆನ್ ಇತ್ತು. ಅದನ್ನು ಆಫ್ ಮಾಡಿದೆವು. ಮುಂದಿನ ಸಲ ಕಂಪ್ಯೂಟರ್ ರಿಸ್ಟಾರ್ಟ್ ಆಗಲಿಲ್ಲ, ಪೂರ್ತಿ ಆರಿಹೋಗಿ ಹಾಗೇ ನಿಂತಿತು. ಅಂದರೆ ಇಷ್ಟು ದಿನ ನಾವು ರಿಸ್ಟಾರ್ಟ್ ಅಂದುಕೊಂಡಿದ್ದು ಕರೆಂಟ್ ಹೋಗಿ ಬರುವುದನ್ನು. ಮನೆಗೆ ಹೋಗುತ್ತಿರಲಿಲ್ಲ, ಕಂಪ್ಯೂಟರಿಗೆ ಮಾತ್ರ ಹೋಗುತ್ತಿತ್ತು.

ರ್ಯಾಮ್, ಅಂದರೆ ಮೆಮೊರಿ ಪಟ್ಟಿ ಕೂಡ ನೋಡಿದೆವು. ತೆಗೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಹಾಕಿ ರಾತ್ರಿಯಿಡೀ ಓಡಿಸಿದೆ, ತಪ್ಪು ಸೊನ್ನೆ.

ಅವತ್ತು ಬೆಳಿಗ್ಗೆ ಚಾ ಕುಡಿಯುವಾಗ ಮಾವ ವಹಿ ತಂದು ಮುಂದಿಟ್ಟರು. ಹನ್ನೆರಡು ದಿನದಲ್ಲಿ ಇಪ್ಪತ್ಮೂರು ಸಾಲು. "ನೋಡವ್ವಾ, ನಳ ಬಂದ ದಿನ ಇದು ಜಾಸ್ತಿ ಬಂದ್ ಆಗತೈತಿ" ಅಂದರು. ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ, ಸರದಿಯ ಮೇಲೆ ಬರುತ್ತದೆ. ಬಂದಾಗ ಪ್ರತಿ ಮನೆಯವರೂ ಮೋಟರ್ ಹಚ್ಚಿ ಟಾಕಿಗೆ ನೀರು ಎಳೆಯುತ್ತಾರೆ, ನಾವೂ ಹಚ್ಚುತ್ತೇವೆ. ಇಪ್ಪತ್ಮೂರರಲ್ಲಿ ಹದಿನಾಲ್ಕು ಆ ಹೊತ್ತಿನವು. ಐದು ಸಲ ನಾನು ಪ್ರಿಂಟ್ ಕೊಟ್ಟಾಗ. ಉಳಿದ ನಾಲ್ಕಕ್ಕೆ ಕಾರಣ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅಂಗಡಿಯಲ್ಲಿ ಯಾಕೆ ಒಮ್ಮೆಯೂ ಆಗಲಿಲ್ಲ ಅನ್ನುವುದು ಮಾತ್ರ ಆಗ ತಿಳಿಯಿತು, ಅಲ್ಲಿ ನಮ್ಮ ಓಣಿಯ ಮೋಟರ್‌ಗಳಿಲ್ಲ.

ಮೈದುನನಿಗೆ ವಹಿಯ ಫೋಟೋ ಕಳಿಸಿದೆ. "ಅಪ್ಪಗ ಹೇಳ್ರಿ, ಅರ್ಧ ಕೆಲಸ ಅವರೇ ಮಾಡ್ಯಾರ" ಅಂದ.

ಓಣಿಯ ವೈರ್‌ಮನ್ ಅಣ್ಣ ಮಲ್ಟಿಮೀಟರ್ ತಂದರು. ನಳ ಬರುವ ಮೊದಲು ಸಾಕೆಟ್‌ನಲ್ಲಿ 224 ವೋಲ್ಟ್. ನಳ ಬಂತು, ಒಂದೊಂದೇ ಮನೆಯ ಮೋಟರ್ ಗುಂಯ್ ಅನ್ನತೊಡಗಿತು, ಮೀಟರಿನ ಸಂಖ್ಯೆ 205, 190, ಆಮೇಲೆ 178. ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸಬೇಕಾದ, ಮೇಜಿನ ಕೆಳಗಿದ್ದ ಯುಪಿಎಸ್ ಟಕ್ ಅಂದಿತು. ಅದೇ ಕ್ಷಣ ಕಂಪ್ಯೂಟರ್ ಆರಿತು. ಆ ಟಕ್ ಸದ್ದನ್ನು ನಾನು ಎಷ್ಟೋ ದಿನದಿಂದ ಕೇಳಿದ್ದೆ, ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಅವರು ಇದ್ದಾಗಲೇ ನೆನಪಾಗಿ ಇನ್ನೊಂದು ಕೇಳಿದೆ, ಬರಿಗಾಲಲ್ಲಿ ಡಬ್ಬಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಅಂತ. ಅವರು ಫೇಸ್ ಮತ್ತು ಅರ್ಥಿಂಗ್ ನಡುವೆ ಅಳೆದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟಿರುತ್ತದೋ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನಮ್ಮಲ್ಲಿ ಬಹಳ ಕಡಿಮೆ ಬಂತು. ಬೋರ್ಡ್ ಬಿಚ್ಚಿದರೆ ಅರ್ಥಿಂಗ್ ತಂತಿ ಸ್ಕ್ರೂನಿಂದ ಕಳಚಿಕೊಂಡಿತ್ತು, ಹಿತ್ತಲಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ತಂತಿ ಬಿಗಿ ಮಾಡಿ, ಗುಂಡಿಗೆ ಎರಡು ಕೊಡ ನೀರು ಸುರಿದ ಮೇಲೆ ಜುಮ್ ನಿಂತಿತು. ರಿಸ್ಟಾರ್ಟ್‌ಗೆ ಇದು ಕಾರಣ ಅಲ್ಲ, ಆದರೆ ಮನೆಯಲ್ಲಿ ಮಕ್ಕಳಿದ್ದಾರೆ. ಬ್ಯಾಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ.

ಯುಪಿಎಸ್ ಪರೀಕ್ಷೆ ಸುಲಭ. ಕಂಪ್ಯೂಟರ್ ತೆಗೆದು ಒಂದು ಟೇಬಲ್ ಲ್ಯಾಂಪ್ ಮಾತ್ರ ಅದಕ್ಕೆ ಹಚ್ಚಿ, ಗೋಡೆಯ ಸ್ವಿಚ್ ಆರಿಸಿದೆ. ಬ್ಯಾಟರಿ ಸರಿ ಇದ್ದರೆ ಲ್ಯಾಂಪ್ ಉರಿಯುತ್ತ ಇರಬೇಕು. ಒಂದು ಸೆಕೆಂಡಿನಲ್ಲಿ ಆರಿತು. ಬಿಚ್ಚಿದರೆ ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಇವು ಎರಡು ಮೂರು ವರ್ಷ ಬಾಳುತ್ತವೆ, ಬಿಸಿ ಜಾಸ್ತಿಯಾದಷ್ಟೂ ಬೇಗ ಸಾಯುತ್ತವೆ. ನಮ್ಮದಕ್ಕೆ ಐದು ವರ್ಷ ಆಗಿತ್ತು. ಓಲ್ಟೇಜ್ ಬಿದ್ದಾಗ ಯುಪಿಎಸ್ ಬ್ಯಾಟರಿಗೆ ತಿರುಗುತ್ತಿತ್ತು, ಬ್ಯಾಟರಿಯಲ್ಲಿ ಏನೂ ಇರಲಿಲ್ಲ, ಕಂಪ್ಯೂಟರನ್ನು ಕೈ ಬಿಡುತ್ತಿತ್ತು. ಅಂದರೆ ಸತ್ತ ಬ್ಯಾಟರಿಯ ಯುಪಿಎಸ್ ಇರುವುದಕ್ಕಿಂತ ಗೋಡೆಗೆ ನೇರ ಹಚ್ಚಿದ್ದರೇ ಇಷ್ಟು ಸಲ ಆರುತ್ತಿರಲಿಲ್ಲ.

ಪ್ರಿಂಟ್ ಕೊಟ್ಟಾಗಿನ ಐದು ಸಲಕ್ಕೂ ಉತ್ತರ ಇಲ್ಲೇ ಇತ್ತು. ಲೇಸರ್ ಪ್ರಿಂಟರನ್ನೂ ನಾನು ಯುಪಿಎಸ್‌ಗೇ ಹಚ್ಚಿದ್ದೆ. ಲೇಸರ್ ಪ್ರಿಂಟರ್ ಪುಡಿಯನ್ನು ಕಾಗದಕ್ಕೆ ಅಂಟಿಸಲು ಒಳಗೆ ಹೀಟರ್ ಕಾಯಿಸುತ್ತದೆ, ಆ ಹೊತ್ತಿಗೆ ನೂರಾರು ವ್ಯಾಟ್ ಎಳೆಯುತ್ತದೆ. ನಮ್ಮ ಯುಪಿಎಸ್ 600 ವಿಎ, ಅಂದರೆ 360 ವ್ಯಾಟ್. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಚ್ಚಲೇಬಾರದು. ಅದಕ್ಕೆ ಬೇರೆ ಸಾಕೆಟ್ ಕೊಟ್ಟೆ.

ಹೊಸ ಬ್ಯಾಟರಿ 950 ರೂಪಾಯಿ. ಹಳೆಯದನ್ನು ಅಂಗಡಿಯವರೇ ವಾಪಸ್ ತೆಗೆದುಕೊಂಡರು. ಒಳಗೆ ಸೀಸ ಮತ್ತು ಆಸಿಡ್ ಇರುತ್ತದೆ, ಕಸದ ಗಾಡಿಗೆ ಹಾಕಬಾರದು. ಐದು ದಿನ ಒಮ್ಮೆಯೂ ಆರಲಿಲ್ಲ. ಮಾವ ಮೊದಲಿನಿಂದ ಹೇಳುವುದಕ್ಕೆ ಶುರು ಮಾಡಿದರು, ನಾನು ಟೈಪ್ ಮಾಡಿದೆ. ಎಲ್ಲ ಮುಗಿಯಿತು ಅಂದುಕೊಂಡೆ.

ಆರನೇ ದಿನ ನಳ ಬಂತು. ಟಕ್. ರಿಸ್ಟಾರ್ಟ್.

ಆ ದಿನ ನಿಜವಾಗಿಯೂ ಕೈ ಸೋತಿತು. ಕಂಪ್ಯೂಟರನ್ನೇ ಮಾರಿಬಿಡೋಣ ಎಂದು ನಮ್ಮ ಮನೆಯವರಿಗೆ ಹೇಳಿದೆ. ಮೈದುನ ಮಾತ್ರ ಒಂದು ವ್ಯತ್ಯಾಸ ಹಿಡಿದ. "ವೈನೀ, ಮೊದಲ ಪೂರ್ತಿ ಆರತಿತ್ತು. ಈಗ ತಾನೇ ರಿಸ್ಟಾರ್ಟ್ ಆಗೇತಿ. ಬಯೋಸ್‌ದಾಗ ಆಫ್ ಮಾಡೀವಿ ಅಲ್ಲ? ಹಂಗಾರ ಇದು ಬ್ಯಾರೆ." ಈ ಸಲ ಕರೆಂಟ್ ಪೂರ್ತಿ ಹೋಗಿಲ್ಲ, ಒಂದು ಚೂರು ತಪ್ಪಿದೆ, ಅಷ್ಟನ್ನೂ ಕಂಪ್ಯೂಟರ್ ತಡೆದುಕೊಳ್ಳುತ್ತಿಲ್ಲ ಅಂದ. ಮತ್ತೆ ಲ್ಯಾಂಪ್ ತರಿಸಿದ. ಈಗ ಲ್ಯಾಂಪ್ ಮತ್ತು ಕಂಪ್ಯೂಟರ್ ಎರಡನ್ನೂ ಯುಪಿಎಸ್‌ಗೆ ಹಚ್ಚಿ ಗೋಡೆಯ ಸ್ವಿಚ್ ಆರಿಸಿದೆ. ಲ್ಯಾಂಪ್ ಕಣ್ಣು ಮಿಟುಕಿಸಿದಷ್ಟೇ ಹೊತ್ತು ಮಂಕಾಗಿ ಉರಿಯುತ್ತ ನಿಂತಿತು. ಕಂಪ್ಯೂಟರ್ ರಿಸ್ಟಾರ್ಟ್ ಆಯಿತು. ನಾಲ್ಕು ಸಲ ಮಾಡಿದೆ, ಮೂರು ಸಲ ಹಾಗೇ.

ಅವನು ಇದನ್ನು ನಳದ ಲೆಕ್ಕದಲ್ಲೇ ಹೇಳಿದ. ಡಬ್ಬಿಯೊಳಗೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್‌ನಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ, ಅದು ಟಾಕಿ ಇದ್ದ ಹಾಗೆ. ನಳ ನಿಂತರೂ ಟಾಕಿಯಲ್ಲಿ ನೀರಿದ್ದರೆ ಮನೆಯೊಳಗೆ ಬರುತ್ತಿರುತ್ತದೆ. ಹೂಳು ತುಂಬಿದ ಟಾಕಿಯಲ್ಲಿ ನೀರು ಹಿಡಿಯುವುದು ಕಡಿಮೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಪೂರ್ತಿ ತಪ್ಪಿದರೂ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ನಮ್ಮಂಥ ಮನೆಯ ಯುಪಿಎಸ್‌ಗಳು ಬ್ಯಾಟರಿಗೆ ತಿರುಗಲು ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಒಳಗೆ ತೆಗೆದುಕೊಳ್ಳುತ್ತವೆ. ಆ ಸಂದಿಯನ್ನು ದಾಟುವ ಶಕ್ತಿ ನಮ್ಮ ಎಸ್‌ಎಂಪಿಎಸ್‌ಗೆ ಉಳಿದಿರಲಿಲ್ಲ. ಅದರಿಂದ ಮದರ್‌ಬೋರ್ಡ್‌ಗೆ ಒಂದು ಬೂದು ತಂತಿ ಹೋಗುತ್ತದೆ, 'ಪವರ್ ಚೆನ್ನಾಗಿದೆ' ಎಂದು ಹೇಳುವ ತಂತಿ. ಅದರ ಸಂಕೇತ ತಪ್ಪಿದ ಕೂಡಲೇ ಬೋರ್ಡ್ ರಿಸೆಟ್ ಆಗುತ್ತದೆ, ಮತ್ತೆ ಬಂದಾಗ ಮೊದಲಿನಿಂದ ಶುರು.

ನಾನು ಮಲ್ಟಿಮೀಟರ್ ಹಚ್ಚಿ ನೋಡಿದ್ದೆ. ಹಳದಿ ತಂತಿಯಲ್ಲಿ 11.7 ಇತ್ತು. 12 ವೋಲ್ಟ್ ತಂತಿಗೆ 11.4ರಿಂದ 12.6 ತನಕ ನಡೆಯುತ್ತದೆ. ಕೆಂಪು ತಂತಿಯ 5 ವೋಲ್ಟ್ ಕೂಡ ಸರಿ ಇತ್ತು. ಆದರೆ ಹತ್ತು ಮಿಲಿಸೆಕೆಂಡಿನ ಕುಸಿತ ಆ ಮೀಟರಿಗೆ ಕಾಣುವುದೇ ಇಲ್ಲ. ಮೀಟರ್ ಸರಿ ತೋರಿಸಿತು ಎಂದು ಎಸ್‌ಎಂಪಿಎಸ್ ಸರಿ ಇದೆ ಅನ್ನಬಾರದು. ನಾನು ಎರಡು ದಿನ ಹಾಗೆ ಅಂದುಕೊಂಡು ಕಳೆದೆ.

ಕೊಳ್ಳುವ ಮೊದಲು ಬದಲಿಸಿ ನೋಡುವುದು ಒಳ್ಳೆಯದು. ಟೇಲರ್ ಅಕ್ಕನ ಮಗನ ಹಳೇ ಕಂಪ್ಯೂಟರ್ ಮೂಲೆಯಲ್ಲಿತ್ತು, ಅದರ ಎಸ್‌ಎಂಪಿಎಸ್ ಒಂದು ದಿನಕ್ಕೆ ಕೊಟ್ಟರು. ವಾಲ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರಿನ 4 ಪಿನ್ನಿನದು, ಹಾರ್ಡ್‌ಡಿಸ್ಕಿನದು, ಇಷ್ಟನ್ನು ಬದಲಿಸಿದೆ. ತೆಗೆಯುವ ಮುಂಚೆ ಫೋನಿನಲ್ಲಿ ಫೋಟೋ ಹೊಡೆದುಕೊಂಡಿದ್ದರಿಂದ ಗೊಂದಲ ಆಗಲಿಲ್ಲ. ಲ್ಯಾಂಪ್ ಪರೀಕ್ಷೆ ಹತ್ತು ಸಲ ಮಾಡಿದೆ, ಹತ್ತೂ ಸಲ ಕಂಪ್ಯೂಟರ್ ನಿಂತಿತು. ಮಾವ ಪಕ್ಕದಲ್ಲೇ ನಿಂತು ಎಣಿಸುತ್ತಿದ್ದರು.

ಹೊಸ ಎಸ್‌ಎಂಪಿಎಸ್ 2,100 ರೂಪಾಯಿ ಬಿತ್ತು. 600 ರೂಪಾಯಿಯದೂ ಇತ್ತು. ಕೈಯಲ್ಲಿ ಹಿಡಿದರೆ ಹಗುರ, ಒಳಗೆ ಏನೂ ಇಲ್ಲದಂತೆ. ಬೇಡ ಅಂದೆ. ಹಳೆಯದನ್ನು ವೈರ್‌ಮನ್ ಅಣ್ಣ ಬಿಚ್ಚಿ ತೋರಿಸಿದರು. ನೀವು ನೀವೇ ಬಿಚ್ಚಬೇಡಿ, ಗೋಡೆಯ 230 ವೋಲ್ಟ್ ಎಸಿ ಕರೆಂಟ್ ಒಳಗೆ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಆ ಕೆಪಾಸಿಟರ್‌ನಲ್ಲಿ ನಿಂತಿರುತ್ತದೆ. ಒಳಗೆ ಸಣ್ಣ ಕೆಪಾಸಿಟರ್‌ಗಳಲ್ಲಿ ಮೂರರ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿ ಒಣಗಿತ್ತು. ಈ ಊರಿನ ಬಿಸಿಲು ಕಾರಣ ಅಂತ ಎಲ್ಲರೂ ಮೊದಲ ದಿನವೇ ಹೇಳಿದ್ದರಲ್ಲ, ಬ್ಯಾಟರಿಗೂ ಇದಕ್ಕೂ ಬಿಸಿ ತಾಗಿದ್ದು ನಿಜ. ಆದರೆ ಅದು ಪ್ರೊಸೆಸರಿನ ಮೇಲೆ ಅಲ್ಲ, ವರ್ಷಗಟ್ಟಲೆ ಈ ಎರಡರ ಮೇಲೆ ಕೆಲಸ ಮಾಡಿತ್ತು.

ಬಸವ ಜಯಂತಿಗೆ ಒಂದು ವಾರ ಇರುವಾಗ ಕೊನೆಯ ಪತ್ರಿಕೆಗಳು ಪ್ರೆಸ್‌ಗೆ ಹೋದವು. ಬಾಗೇವಾಡಿಯವರಿಗೆ ಎರಡು ದಿನ ತಡವಾಯಿತು, ಅವರು ಏನೂ ಅನ್ನಲಿಲ್ಲ, ನಾನೇ 100 ರೂಪಾಯಿ ಕಡಿಮೆ ತೆಗೆದುಕೊಂಡೆ. ಮಾವನ ಪುಟ ಈಗ ಹನ್ನೊಂದಾಗಿವೆ. ಡಿ ಡ್ರೈವ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಮೈದುನನಿಗೆ ಮೇಲ್ ಒಂದು, ಹೀಗೆ ಮೂರು ಕಡೆ ಇಡುತ್ತೇನೆ. ಮೊದಲನೇ ಸಲ ಹೇಳಿದ್ದ ಒಂದೆರಡು ಸಂಗತಿ ಈ ಸಲ ಬಂದಿಲ್ಲ. ಮಳೆಗಾಲದಲ್ಲಿ ಡೋಣಿ ಹೊಳೆ ತುಂಬಿ ಶಾಲೆಗೆ ಹೋಗಲಾಗದ ದಿನದ ಬಗ್ಗೆ ಅವರು ಹೇಳಿದ್ದು ಬಹಳ ಚೆನ್ನಾಗಿತ್ತು. ಮತ್ತೆ ಕೇಳಬೇಕು.

ಇವತ್ತು ನಳ ಬಂದಿದೆ. ಓಣಿಯ ತುಂಬ ಮೋಟರ್ ಸದ್ದು. ಇದನ್ನು ಬರೆಯುತ್ತಿರುವಾಗಲೇ ಯುಪಿಎಸ್ ಎರಡು ಸಲ ಟಕ್ ಅಂದಿತು. ಪಡಸಾಲೆಯಿಂದ ಮಾವ ಕೇಳಿದರು, "ಬಂದ್ ಆತೇನವ್ವಾ?"

"ಇಲ್ರೀ ಮಾವಾ, ನಡದೈತಿ."